ಹತ್ತಿಗಿರಣಿ ಓಣಿಗೆ ಬಾಗಿದ ಗೆರೆಗಳು

ಚಿತ್ರನಟ ಹಿಮವಂತ್ ತೀರಿಕೊಂಡ ಸುದ್ದಿಯನ್ನು ಟಿ.ವಿ.ಯವರು ಹೇಳಿದ್ದು ಬೆಳಗ್ಗೆ ಒಂಬತ್ತು ನಲವತ್ತಕ್ಕೆ. ದಾವಣಗೆರೆಯ ನೆಲಕ್ಕೆ ಅದು ಗೊತ್ತಾದದ್ದು ಒಂಬತ್ತು ನಲವತ್ತೆರಡಕ್ಕೆ.

ಡಾ. ಮುಕ್ತಾ ಹೆರೂರ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ ವಾಕ್ಯ ಅದು. ಅದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಊರಿನ ರಸ್ತೆಗಳ ಕೆಳಗೆ ಇಂಟರ್ನೆಟ್‌ಗೆಂದು ಹೂತಿದ್ದ ಗಾಜಿನ ಎಳೆಯ ಕೇಬಲ್ ನೂರೈವತ್ತು ಕಿಲೋಮೀಟರ್ ಉದ್ದವಿತ್ತು. ಅದರಲ್ಲಿ ಯಾರೂ ಬಳಸದೆ ಉಳಿದಿದ್ದ ಎಳೆಗಳ ತುದಿಗೆ ಮುಕ್ತಾಳ ತಂಡ ಐದು ಲೇಸರ್ ಪೆಟ್ಟಿಗೆಗಳನ್ನು ಜೋಡಿಸಿತ್ತು. ಒಂದೊಂದು ಪೆಟ್ಟಿಗೆಯೂ ಸೆಕೆಂಡಿಗೆ ಸಾವಿರ ಬಾರಿ ಬೆಳಕಿನ ತುಣುಕೊಂದನ್ನು ಎಳೆಯೊಳಗೆ ಕಳಿಸುತ್ತಿತ್ತು. ಗಾಜು ಎಷ್ಟೇ ಶುದ್ಧವಾಗಿದ್ದರೂ ಅದರೊಳಗೆ ಕಣ್ಣಿಗೆ ಕಾಣದ ಏರುಪೇರುಗಳಿರುತ್ತವೆ. ಬೆಳಕಿನ ಒಂದು ಚೂರು ಅವಕ್ಕೆ ತಾಗಿ ಹಿಂದಕ್ಕೆ ಬರುತ್ತದೆ. ಮೇಲೆ ಯಾರಾದರೂ ಹೆಜ್ಜೆಯಿಟ್ಟರೆ ನೆಲ ಅದುರುತ್ತದೆ, ಗಾಜು ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹಿಗ್ಗುತ್ತದೆ, ಹಿಂದೆ ಬರುವ ಬೆಳಕು ಅಷ್ಟೇ ಅಷ್ಟು ತಡವಾಗುತ್ತದೆ. ಆ ತಡವನ್ನು ಅಳೆದರೆ ಸಾಕು, ಊರಿನುದ್ದಕ್ಕೂ ಐದೈದು ಮೀಟರಿಗೆ ಒಂದೊಂದು ಕಿವಿ ಇಟ್ಟ ಹಾಗೆ.

ಮೊದಲು ಇದನ್ನು ಹಾಕಿದ್ದು ಕುಡಿಯುವ ನೀರಿನ ಪೈಪು ಎಲ್ಲಿ ಸೋರುತ್ತಿದೆ ಎಂದು ತಿಳಿಯುವುದಕ್ಕೆ. ಆಮೇಲೆ ಯಾರಿಗೋ ಹೊಳೆಯಿತು, ಇದಕ್ಕೆ ಜನಜಂಗುಳಿಯೂ ಕೇಳಿಸುತ್ತದಲ್ಲ ಎಂದು. ಮುಖ ಕಾಣುವುದಿಲ್ಲ, ಹೆಸರು ತಿಳಿಯುವುದಿಲ್ಲ, ಬರೀ ಹೆಜ್ಜೆ. ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಪ್ರತಿ ಹೆಜ್ಜೆಗುಂಪೂ ಒಂದು ಓರೆ ಗೆರೆಯಾಗಿ ಮೂಡುತ್ತಿತ್ತು. ವಾಹನಗಳದ್ದು ದಪ್ಪ ಗೆರೆ, ನಡೆಯುವವರದ್ದು ನೂಲಿನಂಥ ಗೆರೆ. ಗೆರೆ ಎಷ್ಟು ಓರೆಯಾಗಿದೆ ಎಂಬುದರಲ್ಲಿ ವೇಗ, ಯಾವ ಕಡೆ ವಾಲಿದೆ ಎಂಬುದರಲ್ಲಿ ದಿಕ್ಕು. ಒಂದು ಗಂಟೆಯ ನಂತರ ಎಲ್ಲಿ ಎಷ್ಟು ಜನ ಸೇರುತ್ತಾರೆ ಎಂದು ಲೆಕ್ಕ ಹಾಕಿ ಹೇಳುವ 'ಮುನ್ನೋಟ' ಎಂಬ ಪ್ರೋಗ್ರಾಮು ಬೇರೆ ಇತ್ತು.

ಒಂಬತ್ತು ನಲವತ್ತೆರಡಕ್ಕೆ ಪರದೆಯ ಗೆರೆಗಳೆಲ್ಲ ತೆಳುವಾದವು. ಬೈಕಿನವರು ರಸ್ತೆ ಪಕ್ಕಕ್ಕೆ ನಿಲ್ಲಿಸಿ ಫೋನು ನೋಡುತ್ತಿದ್ದರು. ನಡೆಯುವವರು ನಿಂತಿದ್ದರು. ಆರು ನಿಮಿಷ ಊರಿನ ನೆಲ ಬೆಳಗಿನ ಜಾವದಷ್ಟು ನಿಶ್ಶಬ್ದವಾಗಿತ್ತು.

"ಇದನ್ನ ಸೇವ್ ಮಾಡ್ಕೊಳ್ಳಿ ದಾದಾಪೀರ್," ಎಂದಳು ಮುಕ್ತಾ. "ಇಂಥದ್ದು ನಾನು ನೋಡಿಲ್ಲ."

ಮೂವತ್ತೈದು ದಾಟಿದ, ಹಳೆ ದಾವಣಗೆರೆಯಲ್ಲೇ ಹುಟ್ಟಿ ಬೆಳೆದ ತಂತ್ರಜ್ಞ ದಾದಾಪೀರ್ ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸುತ್ತಿದ್ದ. ತುಂಬ ಹೊತ್ತು ಒರೆಸಿದ.

"ನೀವು ಅವರ ಅಭಿಮಾನಿಯೇ?"

"ಇಲ್ರಿ ಮೇಡಂ. ನಾನು ಅವರ ಎದುರು ಪಾರ್ಟಿ. ನಮ್ ಹುಡುಗ್ರೆಲ್ಲ ಬೇರೆ ಹೀರೋ ಕಡೆ ಇದ್ವಿ," ಎಂದ. ಕನ್ನಡಕ ಹಾಕಿಕೊಂಡು ಮತ್ತೆ ಪರದೆ ನೋಡಿದ.

ಮುಕ್ತಾ ಗಂಗಾವತಿಯವಳು, ಭೌತಶಾಸ್ತ್ರ ಓದಿದವಳು. ಹಿಮವಂತ್ ಅವರ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಎಂದೂ ಭೇಟಿಯಾಗದ ಒಬ್ಬ ಮನುಷ್ಯನಿಗಾಗಿ ಇಡೀ ಊರು ಹೀಗೆ ಕಾಲು ನಿಲ್ಲಿಸುವುದು ಅವಳಿಗೆ ಬೆರಗಿನ ಸಂಗತಿಯಾಗಿತ್ತು. ಮುಂದೆ ಏನಾಗುತ್ತದೆ ನೋಡೋಣ ಎಂದು ಕುರ್ಚಿ ಎಳೆದುಕೊಂಡು ಕೂತಳು.

ಮುನ್ನೋಟ ತನ್ನ ಲೆಕ್ಕ ಹೇಳಿತು: ರೈಲು ನಿಲ್ದಾಣ, ಬಸ್ ನಿಲ್ದಾಣ, ಎರಡು ಚಿತ್ರಮಂದಿರ. ಹಾಗೆಯೇ ಆಯಿತು. ಹತ್ತು ಗಂಟೆಯ ಹೊತ್ತಿಗೆ ನೂಲಿನಂಥ ಗೆರೆಗಳು ಸಾವಿರಗಟ್ಟಲೆ ಹುಟ್ಟಿ ನಿಲ್ದಾಣಗಳ ಕಡೆ ಹರಿದವು. ಎಲ್ಲರೂ ಅಂತಿಮ ದರ್ಶನಕ್ಕೆ ಬೆಂಗಳೂರಿಗೆ ಹೊರಟಿದ್ದರು.

ಹತ್ತು ಇಪ್ಪತ್ತಕ್ಕೆ ಇನ್ನೊಂದು ಸುದ್ದಿ ಬಂತು. ಅಂತ್ಯಸಂಸ್ಕಾರ ಬೆಳಗ್ಗೆ ಆರಕ್ಕೇ ಮುಗಿದುಹೋಗಿದೆ. ಮನೆಯವರು ಆರೇಳು ಮಂದಿ ಮಾತ್ರ ಇದ್ದರು. "ನನ್ನನ್ನು ನೋಡಲು ಬಂದು ಯಾರ ಮೈಗೂ ಪೆಟ್ಟಾಗಬಾರದು, ಎಲ್ಲ ಮುಗಿದ ಮೇಲೆ ಜನಕ್ಕೆ ಹೇಳಿ" ಎಂದು ಅವರೇ ಬರೆದಿಟ್ಟಿದ್ದರಂತೆ.

ನಿಲ್ದಾಣದತ್ತ ಹೋಗುತ್ತಿದ್ದ ಗೆರೆಗಳು ನಿಂತವು. ಆಮೇಲೆ ಮೆಲ್ಲಗೆ ಹಿಂದಕ್ಕೆ ವಾಲಿದವು. ಮುನ್ನೋಟ ಪರದೆಯ ಮೂಲೆಯಲ್ಲಿ 'ಜನ ಚದುರುತ್ತಿದ್ದಾರೆ' ಎಂದು ಹಸಿರು ಅಕ್ಷರದಲ್ಲಿ ತೋರಿಸಿತು.

ಮುಕ್ತಾಳಿಗೆ ಸಮಾಧಾನವಾಗಲಿಲ್ಲ. "ನೋಡೋಕೆ ಯಾರೂ ಇಲ್ಲ ಅಂತಾದ ಮೇಲೆ ಈ ಜನ ಎಲ್ಲಿಗೆ ಹೋಗ್ತಾರೆ?" ಎಂದಳು.

"ಮನೀಗೆ ಹೋಗ್ತಾರೇನೋ."

ಗೆರೆಗಳು ಮನೆಗೆ ಹೋಗಲಿಲ್ಲ. ಮೊದಲು ಹತ್ತು, ಆಮೇಲೆ ನೂರು, ಪಿ.ಬಿ. ರಸ್ತೆಯಿಂದ ಒಳಕ್ಕೆ ಬಾಗಿ, ಹಳೆಯ ಬಟ್ಟೆ ಅಂಗಡಿಗಳನ್ನು ದಾಟಿ ಒಂದೇ ಕಡೆ ಸೇರತೊಡಗಿದವು. ಅಲ್ಲಿ ದೇವಸ್ಥಾನವಿಲ್ಲ, ಚಿತ್ರಮಂದಿರವಿಲ್ಲ, ಪ್ರತಿಮೆಯಿಲ್ಲ. ನಕ್ಷೆಯಲ್ಲಿ ಒಂದು ಮೊಂಡು ಓಣಿ, ಅದರ ಕೊನೆಗೆ ಮುಚ್ಚಿಹೋದ ಗಿರಣಿಯ ಗೋಡೆ, ಗೋಡೆಯಲ್ಲೊಂದು ಗೇಟು, ಅಷ್ಟೇ.

"ಹತ್ತಿಗಿರಣಿ ಓಣಿ," ಎಂದು ಮುಕ್ತಾ ಓದಿದಳು. "ಏನಿದೆ ಅಲ್ಲಿ?"

ದಾದಾಪೀರ್ ಪರದೆಯ ಹತ್ತಿರ ಹೋಗಿ ಬೆರಳಿಟ್ಟು ನೋಡಿದ. ಅವನ ಮುಖ ಬದಲಾಯಿತು.

"ಅಲ್ಲಿ ಜೂನಿಯರ್ ಹಿಮವಂತ್ ಅದಾರ್ರಿ ಮೇಡಂ," ಎಂದ.

*

ಆ ಓಣಿಯ ಕಟ್ಟಕಡೆಯ ಮನೆಯಲ್ಲಿ, ಟಿ.ವಿ. ಮುಂದೆ, ಬನಿಯನ್ ಲುಂಗಿಯಲ್ಲಿ ಕೂತು ಐವತ್ತೆಂಟರ ಗಂಡಸೊಬ್ಬರು ಅಳುತ್ತಿದ್ದರು. ಹಗಲು ದರ್ಜಿ ಕೆಲಸ, ಗಣಪತಿ ಹಬ್ಬ ಬಂತೆಂದರೆ ಆರ್ಕೆಸ್ಟ್ರಾ. ಮೂವತ್ತು ವರ್ಷದಿಂದ ಸುತ್ತಲ ನಾಲ್ಕು ಜಿಲ್ಲೆಯ ವೇದಿಕೆಗಳ ಮೇಲೆ ಹಿಮವಂತ್ ಅವರ ಮೀಸೆ, ಅವರ ಕ್ರಾಪು, ಅವರ ಹಾಗೆ ಒಂದು ಹುಬ್ಬು ಏರಿಸುವ ನಗು ಇಟ್ಟುಕೊಂಡು ಕುಣಿದು ಹಾಡಿದವರು. ಹಿಮವಂತ್ ಹೊಸ ಸಿನಿಮಾದಲ್ಲಿ ಯಾವ ಕೋಟು ತೊಟ್ಟರೂ ವಾರದೊಳಗೆ ಅಂಥದ್ದನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಊರಿನವರಿಗೆ ಅವರು ಜೂನಿಯರ್. ಅಂಗಡಿಯ ಬೋರ್ಡಿನ ಮೇಲೂ ಅದೇ: ಜೂನಿಯರ್ ಟೇಲರ್ಸ್.

ಮೊದಲು ಬಂದವರು ಮೂರು ಮಂದಿ ಆಟೋದವರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಜೂನಿಯರ್ ಅವರ ಮುಖ ನೋಡಿ ಒಮ್ಮೆಗೇ ದನಿ ತೆಗೆದು ಅತ್ತರು. ಒಬ್ಬನ ಕೈಯಲ್ಲಿ ಸೇವಂತಿಗೆ ಹಾರವಿತ್ತು.

"ಅಣ್ಣಾ, ಬಿಟ್ಟು ಹೋದ್ರಲ್ಲೋ ನಮ್ಮನ್ನ!"

"ನಾನಲ್ಲಪ್ಪ, ಅವ್ರು ಹೋದ್ರು," ಎಂದರು ಜೂನಿಯರ್, ತಾವೂ ಅಳುತ್ತಲೇ.

"ನಮಗೆ ಅವರ ಮುಖ ನೋಡಕ್ಕೂ ಸಿಗ್ಲಿಲ್ಲಣ್ಣ. ಇಲ್ಲಾದ್ರೂ ಒಂದ್ಸಾರಿ ನೋಡಿ ಹೋಗಾಣ ಅಂತ ಬಂದ್ವಿ."

ಅರ್ಧ ಗಂಟೆಯಲ್ಲಿ ಪಡಸಾಲೆ ತುಂಬಿತು, ಕಟ್ಟೆ ತುಂಬಿತು. ಯಾರೋ ಊದಿನಕಡ್ಡಿ ಹಚ್ಚಿದರು. ಯಾರೋ ಒಬ್ಬರು ಹೊಲಿಗೆ ಮಷೀನಿನ ಮುಂದಿದ್ದ ಕುರ್ಚಿ ತಂದು ಕಟ್ಟೆಯ ಮೇಲಿಟ್ಟು, "ಇಲ್ಲಿ ಕೂಡ್ರಿ ಅಣ್ಣಾ, ಎಲ್ಲರಿಗೂ ಕಾಣ್ತದೆ," ಎಂದು ಭುಜ ಹಿಡಿದು ಕೂರಿಸಿದರು. ಒಂದು ಹಾರ ಬಿತ್ತು. ಎರಡನೆಯದು ಬಿತ್ತು.

ಅಡುಗೆಮನೆಯಿಂದ ಹೊರಗೆ ಬಂದ ಅವರ ಹೆಂಡತಿ ಕೊಟ್ರಮ್ಮ ನೋಡಿದ್ದು ಇದನ್ನು. ಅವರದು ಲಿಂಗಾಯತರ ಮನೆ. ಆ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಹಾರ ಹಾಕುತ್ತಾರೆ, ಊದಿನಕಡ್ಡಿ ಹಚ್ಚುತ್ತಾರೆ, ಬಂದವರು ಮುಂದೆ ಕೂತು ಅಳುತ್ತಾರೆ. ಅವರ ಗಂಡ ಹಾಗೆಯೇ ಕೂತಿದ್ದರು.

"ಏಳ್ರಿ!" ಎಂದು ಕೊಟ್ರಮ್ಮ ಚೀರಿದರು. ಜನರನ್ನು ಮೊಣಕೈಯಿಂದ ಸರಿಸಿ ಹೋಗಿ ಗಂಡನ ರಟ್ಟೆ ಹಿಡಿದೆಳೆದರು. "ಕೂಡಬ್ಯಾಡ್ರಿ, ಎದ್ದು ನಿಂತ್ಕಳ್ರಿ! ಏನ್ರಪ್ಪಾ, ಜೀವ ಇರೋ ಮನುಷ್ಯನ ಮುಂದೆ ಹಿಂಗ್ ಅಳ್ತಾರಾ? ನನ್ ಮುತ್ತೈದಿತನದ ಮ್ಯಾಲೆ ಊದಿನಕಡ್ಡಿ ಹಚ್ಚೀರಲ್ಲ!"

ಹಾರಗಳನ್ನು ಕಿತ್ತು ಕಟ್ಟೆಯ ಕೆಳಗೆ ಎಸೆದರು. ಊದಿನಕಡ್ಡಿ ಹಚ್ಚಿದ ಮುದುಕ ಅದನ್ನು ಗಾಬರಿಯಿಂದ ಬೆರಳಲ್ಲೇ ಆರಿಸಿಬಿಟ್ಟ.

"ತಪ್ಪಾತವ್ವ," ಎಂದ. "ನಮಗೆ ಬ್ಯಾರೆ ಎಲ್ಲಿ ಹೋಗಬೇಕೋ ತಿಳೀಲಿಲ್ಲ."

ಕೊಟ್ರಮ್ಮ ಅವನ ಒದ್ದೆ ಕಣ್ಣು ನೋಡಿದರು. ಮೂವತ್ತು ವರ್ಷದಿಂದ ಅವರು ಹಿಮವಂತ್ ಅವರನ್ನು ತಮ್ಮ ಸವತಿ ಎಂದೇ ಕರೆದಿದ್ದರು. ಮದುವೆಯಾಗಿ ಬಂದ ವರ್ಷವೇ ಗಂಡ ಪರದೇಶಿಯಂತೆ ಆ ಮುಖ ಹೊತ್ತುಕೊಂಡು ಊರೂರು ತಿರುಗತೊಡಗಿದ್ದರು. ಆದರೆ ಈ ಮುದುಕ ಅಳುತ್ತಿದ್ದುದು ನಾಟಕವಾಗಿರಲಿಲ್ಲ. "ನಿಂತೇ ಮಾತಾಡ್ಸಿ ಕಳಸ್ರಿ," ಎಂದು ಗಂಡನ ಕಿವಿಯಲ್ಲಿ ಹೇಳಿ ಪಕ್ಕದಲ್ಲೇ ನಿಂತರು.

ಅಷ್ಟರಲ್ಲಿ ಓಣಿಯ ಬಾಯಿಯಿಂದ ಒಂದು ನೂಕು ಬಂತು. ಕಟ್ಟೆಯ ಮುಂದಿದ್ದವರು ಒಟ್ಟಾಗಿ ಒಂದು ಹೆಜ್ಜೆ ಮುಂದೆ ಬಂದರು. ಹಿಂದೆ ಹೋಗಲು ಅವರಿಗೆ ಜಾಗವಿರಲಿಲ್ಲ.

*

ಆ ನೂಕು ನಿಯಂತ್ರಣ ಕೊಠಡಿಯ ಪರದೆಯಲ್ಲೂ ಕಂಡಿತು. ಓಣಿಯ ಭಾಗದಲ್ಲಿ ನೂಲಿನಂಥ ಗೆರೆಗಳು ಕರಗಿಹೋಗಿದ್ದವು. ಗೆರೆ ಇಲ್ಲವೆಂದರೆ ಅಲ್ಲಿ ಯಾರೂ ನಡೆಯುತ್ತಿಲ್ಲ ಎಂದರ್ಥ. ಗೆರೆಗಳ ಜಾಗದಲ್ಲಿ ಓಣಿಯ ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗಿ, ಗಿರಣಿ ಗೋಡೆಗೆ ಬಡಿದು, ಹಿಂದಕ್ಕೆ ಬರುವ ಒಂದು ಅಲೆ ಕಾಣುತ್ತಿತ್ತು.

ಮುಕ್ತಾ ಇಂಥ ಅಲೆಯ ಬಗ್ಗೆ ಓದಿದ್ದಳು. ಒಂದು ಚದರ ಮೀಟರಿನಲ್ಲಿ ಮೂರು ಜನ ಇದ್ದರೆ ಅವರು ಜನ. ಐದು ದಾಟಿದರೆ ಅವರ ಕಾಲು ಅವರ ಮಾತು ಕೇಳುವುದಿಲ್ಲ. ಗುಂಪು ನೀರಿನಂತೆ ತೂಗತೊಡಗುತ್ತದೆ. ಏಳಕ್ಕೆ ಹೋದರೆ ನಿಂತಲ್ಲೇ ಉಸಿರು ಕಟ್ಟುತ್ತದೆ. ಓಣಿ ಒಂಬತ್ತು ಅಡಿ ಅಗಲ, ನೂರ ನಲವತ್ತು ಮೀಟರ್ ಉದ್ದ. ಪರದೆ ತೋರಿಸುತ್ತಿದ್ದ ಅಂಕಿ ಐದೂಕಾಲು. ಓಣಿಯೊಳಗೆ ಎರಡು ಸಾವಿರ ಜನ, ಹೊರಗೆ ಇನ್ನೂ ಆರು ಸಾವಿರ.

ಇನ್‌ಸ್ಪೆಕ್ಟರ್ ಹಾಲಸ್ವಾಮಿ ಫೋನಿನಲ್ಲಿ ಸಿಕ್ಕರು. ಓಣಿಯ ಬಾಯಲ್ಲೇ ಇದ್ದರು. "ಹಗ್ಗ ಕಟ್ಟಿ ತಡೀತಾ ಇದೀವಿ ಮೇಡಂ. ಮಾತು ಕೇಳ್ತಿಲ್ಲ. ಲಾಠಿ ಬೀಸಬೇಕಾಗ್ತದೆ."

"ಬೇಡ ಸಾರ್! ಬೀಸಿದರೆ ಹೊರಗಿನವರು ಒಳಗೇ ನುಗ್ಗುತ್ತಾರೆ. ಒಳಗಿರೋರಿಗೆ ಹೊರಗೆ ಬರೋಕೆ ಇರೋದು ಅದೊಂದೇ ದಾರಿ."

"ಮತ್ತೆ ಏನ್ ಮಾಡ್ಲಿ ಅಂತೀರಿ?"

"ಕೊನೇಲಿ ಗಿರಣಿ ಗೇಟಿದೆಯಲ್ಲ? ಅದನ್ನ ತೆಗೆಸಿ."

"ಅದರ ಬೀಗದ ಕೈ ಕಂಡೋರೇ ಇಲ್ಲ. ಗಿರಣಿ ಮುಚ್ಚಿ ಇಪ್ಪತ್ತೈದು ವರ್ಷ ಆತು."

"ಹಾಗಾದ್ರೆ ಒಡೆಸಿ ಸಾರ್. ನಾನು ಹಿಂದಿನಿಂದ ಬರ್ತೀನಿ."

ಗಿರಣಿಯ ಇನ್ನೊಂದು ಮಗ್ಗುಲು ರೈಲು ಹಳಿಯ ಪಕ್ಕದ ಅಗಲವಾದ ರಸ್ತೆಗಿತ್ತು. ಮುಕ್ತಾ ಇಬ್ಬರು ಪೇದೆಗಳು ಮತ್ತು ಒಂದು ಹಾರೆಯೊಡನೆ ಆ ಕಡೆಯಿಂದ ಒಳಹೊಕ್ಕಳು. ಕಿವಿಯಲ್ಲಿ ದಾದಾಪೀರನ ದನಿಯಿತ್ತು.

"ಐದೂವರೆ, ಮೇಡಂ."

ಪಾರ್ಥೇನಿಯಂ ಬೆಳೆದ ಅಂಗಳ, ತುಕ್ಕು ಹಿಡಿದ ಟ್ರಾಲಿ, ಆಚೆ ತುದಿಯಲ್ಲಿ ಕಬ್ಬಿಣದ ಗೇಟು. ಪುಣ್ಯಕ್ಕೆ ಅದು ಗಿರಣಿಯ ಒಳಕ್ಕೆ ತೆರೆಯುವಂಥದ್ದು. ಅದರಲ್ಲೊಂದು ದಿಡ್ಡಿ ಬಾಗಿಲು. ಪೇದೆಗಳು ಮೊದಲು ಅದರ ಚಿಲಕ ಮುರಿದರು. ಮುಕ್ತಾ ಬಗ್ಗಿ ಆಚೆ ದಾಟಿದಾಗ ಕಾಲಿಟ್ಟಿದ್ದು ನೇರ ಜೂನಿಯರ್ ಅವರ ಮನೆಯ ಕಟ್ಟೆಯ ಪಕ್ಕಕ್ಕೆ.

ಅವಳು ಗೆರೆಗಳಾಗಿ ನೋಡಿದ್ದ ಜನರ ಮುಖಗಳು ಈಗ ಎದುರಿಗಿದ್ದವು. ಯಾರೂ ಕೂಗುತ್ತಿರಲಿಲ್ಲ, ಅದೇ ಭಯವಾಯಿತು. ಕೈಗಳು ಮೈಗೆ ಅಂಟಿಹೋಗಿದ್ದರಿಂದ ಯಾರಿಗೂ ಕಣ್ಣೊರೆಸಿಕೊಳ್ಳಲು ಆಗುತ್ತಿರಲಿಲ್ಲ. ಹಸಿರು ಸೀರೆಯ ಹೆಂಗಸೊಬ್ಬಳು ಬಾಯಿ ತೆರೆದು ಆಕಾಶ ನೋಡುತ್ತ ಉಸಿರೆಳೆಯುತ್ತಿದ್ದಳು. ಎಲ್ಲರ ಕಣ್ಣೂ ಕಟ್ಟೆಯ ಮೇಲೆ ನಿಂತಿದ್ದ ಒಂದು ಮುಖದ ಕಡೆ.

ಆ ಮುಖವನ್ನು ನೋಡಿ ಮುಕ್ತಾಳೂ ಒಂದು ಕ್ಷಣ ಬೆಚ್ಚಿದಳು. ಪೋಸ್ಟರಿನಿಂದ ಎದ್ದು ಬಂದಂತಿತ್ತು.

"ಸಾರ್, ನಾನು ಮುಕ್ತಾ ಅಂತ, ನೆಲದ ಕೇಬಲ್ ನೋಡೋರು. ಈ ಗೇಟು ಪೂರ್ತಿ ತೆಗೀತೀವಿ. ಆದರೆ ಬರೀ ತೆಗೆದರೆ ಜನ ಅಲ್ಲಾಡಲ್ಲ. ನೀವಿಲ್ಲಿರೋವರೆಗೂ ಇಲ್ಲೇ ಇರ್ತಾರೆ. ನೀವು ನಡೀಬೇಕು."

"ಎಲ್ಲಿಗೆ ನಡೀಬೇಕು?"

"ಗಿರಣಿ ಅಂಗಳ ದಾಟಿ, ಆಚೆ ರಸ್ತೇಲಿರೋ ಹೈಸ್ಕೂಲ್ ಮೈದಾನಕ್ಕೆ. ನಿಧಾನಕ್ಕೆ. ಓಡಬಾರದು, ನಿಲ್ಲಲೂಬಾರದು. ನೀವು ಮುಂದೆ ಹೋದ ಹಾಗೆ ಇವರು ನಿಮ್ಮ ಹಿಂದೆ ಉದ್ದಕ್ಕೆ ಬಿಚ್ಚಿಕೊಳ್ತಾರೆ."

ಜೂನಿಯರ್ ಅದನ್ನು ತಕ್ಷಣ ಹಿಡಿದರು. "ದಾರದುಂಡೆ ಬಿಚ್ಚಿದಂಗೆ," ಎಂದರು. ಆಮೇಲೆ ಅವರ ಮುಖ ಸಪ್ಪಗಾಯಿತು. "ನಾನ್ ಮುಂದೆ ನಡದು ಇವರೆಲ್ಲ ಅಳ್ತಾ ಹಿಂದೆ ಬಂದ್ರೆ ಅದು ಹೆಣದ ಮೆರವಣಿಗಿ ಆಗ್ತದೆ ಮೇಡಂ. ಇವಳು ತಡಕಳಲ್ಲ," ಎಂದು ಹೆಂಡತಿಯ ಕಡೆ ನೋಡಿದರು.

"ಐದೂಮುಕ್ಕಾಲು," ಎಂದ ದಾದಾಪೀರ್ ಕಿವಿಯಲ್ಲಿ.

ಕೊಟ್ರಮ್ಮ ಹಸಿರು ಸೀರೆಯ ಹೆಂಗಸನ್ನೇ ನೋಡುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಹೆಣದ ಹಿಂದೆ ಹೆಂಡ್ತಿ ಮಸಾಣಕ್ಕೆ ಬರ್ತಾಳೇನ್ರಿ?" ಎಂದರು. "ನಾನು ನಿಮ್ ಪಕ್ಕದಾಗೇ ಬರ್ತೀನಿ. ಗಂಡ ಹೆಂಡ್ತಿ ಜೋಡಿ ನಡದ್ರೆ ಅದು ಮದಿವಿ ಮೆರವಣಿಗಿ. ನಡೀರಿ."

ಹಾಗೆಂದು ಗಂಡನ ಕೈ ಹಿಡಿದರು. ಪೇದೆಗಳು ಬೀಗ ಒಡೆದು ಗೇಟಿನ ಎರಡೂ ರೆಕ್ಕೆಗಳನ್ನು ಒಳಕ್ಕೆ ಎಳೆದರು, ಕೀಲು ಕಿರುಚಿತು. ಜೂನಿಯರ್ ಗೇಟಿನ ನಡುವೆ ನಿಂತು ತಿರುಗಿ, ಹೊಟ್ಟೆಯ ಆಳದಿಂದ ಹಿಮವಂತ್ ಅವರ ಆ ದೊಡ್ಡ ದನಿಯಲ್ಲೇ ಕೂಗಿದರು:

"ಯಾರೂ ನೂಕಬ್ಯಾಡ್ರಪ್ಪಾ! ನಾನು ಎಲ್ಲೂ ಹೋಗಲ್ಲ. ನನ್ ಹಿಂದೆ ಬರ್ರಿ. ನಿಮ್ ಮುಂದಿನವರು ಹೆಜ್ಜೆ ಇಟ್ಟ ಮ್ಯಾಲೆ ನೀವು ಹೆಜ್ಜೆ ಇಡ್ರಿ!"

ಆ ದನಿಯನ್ನು ಓಣಿಯ ಬಾಯಲ್ಲಿದ್ದವರೂ ಕೇಳಿದರು. ಒಂದು ಕ್ಷಣ ನೂಕು ನಿಂತಿತು. ಆ ಒಂದು ಕ್ಷಣವೇ ಬೇಕಾಗಿತ್ತು.

ಕೊಟ್ರಮ್ಮನವರಿಗೆ ಎಡಮೊಣಕಾಲು ನೋವು. ಅವರಿಗೆ ಜೋರಾಗಿ ನಡೆಯಲು ಬರುತ್ತಿರಲಿಲ್ಲ. ಅವರ ಕೈ ಹಿಡಿದ ಜೂನಿಯರ್ ಕೂಡ ಅಷ್ಟೇ ನಿಧಾನವಾಗಿ ನಡೆದರು, ಅವರ ಹಿಂದಿನವರೂ ಹಾಗೆಯೇ. ಗಿರಣಿ ಅಂಗಳದಲ್ಲಿ ಜನ ಅಗಲವಾಗಿ ಹರಡಿಕೊಂಡರು. ಕೈಗಳು ಬಿಡುವಾದವು, ಎಲ್ಲರೂ ಮೊದಲು ಮಾಡಿದ ಕೆಲಸ ಕಣ್ಣೊರೆಸಿಕೊಂಡದ್ದು. ಹಸಿರು ಸೀರೆಯ ಹೆಂಗಸನ್ನು ಇಬ್ಬರು ಎತ್ತಿ ಟ್ರಾಲಿಯ ಮೇಲೆ ಮಲಗಿಸಿದರು. ಪಕ್ಕೆಲುಬು ಮುರಿದಿತ್ತು, ಉಸಿರಿತ್ತು.

"ಐದು," ಎಂದ ದಾದಾಪೀರ್. ಸ್ವಲ್ಪ ಹೊತ್ತಾದ ಮೇಲೆ, "ನಾಲ್ಕೂವರೆ. ಮೇಡಂ, ಗೆರೆ ವಾಪಸ್ ಬಂದ್ವು. ನಡೀತಿದಾರೆ."

ಅಂದು ಹದಿನಾಲ್ಕು ಜನರಿಗೆ ಪೆಟ್ಟಾಯಿತು. ಯಾರೂ ಸಾಯಲಿಲ್ಲ.

*

ಮೈದಾನಕ್ಕೆ ಬಂದ ಮೇಲೂ ಜನ ಹೋಗಲಿಲ್ಲ. ಬೇವಿನ ಮರದ ಕೆಳಗೆ ಜೂನಿಯರ್ ಮತ್ತು ಕೊಟ್ರಮ್ಮ ನಿಂತರು. ಹಾಲಸ್ವಾಮಿ ಸುಣ್ಣದ ಗೆರೆ ಎಳೆಸಿ ಸಾಲು ಮಾಡಿದರು. ಒಬ್ಬೊಬ್ಬರೂ ಬಂದು ಏನಾದರೊಂದು ಹೇಳಿ ಹೋಗುತ್ತಿದ್ದರು. ಏನು ಹೇಳುತ್ತಾರೆ ಎಂಬ ಕುತೂಹಲಕ್ಕೆ ಮುಕ್ತಾ ಮರದ ಹಿಂದೆ ಟಿಪ್ಪಣಿ ಪುಸ್ತಕ ಹಿಡಿದು ನಿಂತಳು.

ಹೊಗಳುತ್ತಾರೆ ಎಂದುಕೊಂಡಿದ್ದಳು. ಹೊಗಳಿದವರು ಕಡಿಮೆ. ಹರಪನಹಳ್ಳಿ ಕಡೆಯ ಮುದುಕಿಯೊಬ್ಬಳು ಬಂದವಳೇ ಜಗಳ ತೆಗೆದಳು. "ಅಲ್ಲಪ್ಪಾ, ಶೂಟಿಂಗಿಗೆ ಬಂದಾಗ ನಮ್ ಮನ್ಯಾಗ ಮಜ್ಜಿಗಿ ಕುಡದಿ. ಮತ್ತೆ ಬರ್ತೀನಿ ಅವ್ವಾ ಅಂದಿ. ಇಪ್ಪತ್ತೆರಡು ವರ್ಷ ಆತು. ಬಂದ್ಯಾ?"

"ನಾನು ಅವರಲ್ಲ ಅವ್ವಾ," ಎಂದು ಜೂನಿಯರ್ ಆ ದಿನ ಎಷ್ಟನೆಯ ಸಲವೋ ಹೇಳಿದರು.

"ಅದು ನನಗ ಗೊತ್ತೈತಿ. ನಾ ಕುರುಡಿ ಅಲ್ಲ. ಅಂವ ಸಿಗಲಿಲ್ಲ, ನೀ ಸಿಕ್ಕಿ. ಯಾರಿಗರ ಹೇಳಬೇಕಲ್ಲ."

ಜೂನಿಯರ್ ಕೈ ಮುಗಿದು, "ತಪ್ಪಾತವ್ವ. ಬರಬೇಕಿತ್ತು," ಎಂದರು. ಮುದುಕಿ ಅವರ ಗದ್ದ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡು ಹೋದಳು. ಅಲ್ಲಿಂದ ಮುಂದೆ ಅವರು 'ನಾನು ಅವರಲ್ಲ' ಎಂದು ಯಾರಿಗೂ ಹೇಳಲಿಲ್ಲ.

ಸಂಜೆ ಐದರ ಸುಮಾರಿಗೆ ಸಾಲಿನಲ್ಲಿ ದಾದಾಪೀರ್ ಕಂಡ. ಪಾಳಿ ಮುಗಿಸಿ ಬಂದಿದ್ದ. ಮುಕ್ತಾಳನ್ನು ನೋಡಿ ನಾಚಿಕೊಂಡ, ಆದರೆ ಸಾಲು ಬಿಡಲಿಲ್ಲ. ಜೂನಿಯರ್ ಮುಂದೆ ಬಂದಾಗ ತಲೆ ತಗ್ಗಿಸಿದ.

"ಸಾರ್, ನಾನು ಏಳನೇ ಕ್ಲಾಸಿನಾಗಿದ್ದಾಗ ನಿಮ್ ಕಟೌಟಿಗೆ ಸಗಣಿ ಎರಚಿದ್ದೆ. ಮುಖದ ಮ್ಯಾಲೆ. ಯಾರಿಗೂ ಗೊತ್ತಿಲ್ಲ. ಬೇರೆ ಹುಡುಗನ್ನ ಹಿಡದು ಹೊಡದ್ರು."

"ಯಾವ ಸಿನಿಮಾದ್ದಪ್ಪ?"

ದಾದಾಪೀರ್ ಹೇಳಿದ. ಜೂನಿಯರ್ ನಕ್ಕುಬಿಟ್ಟರು. "ಅದು ನನಗೂ ಸೇರಿರಲಿಲ್ಲ. ಹೋಗು, ಆ ಹುಡುಗ ಎಲ್ಲಿದಾನೋ ಅವನಿಗೊಂದು ಮಾತು ಹೇಳು. ನಂದೇನೂ ಇಲ್ಲ."

ದಾದಾಪೀರ್ ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡು ಬಿಡದೆ ನಿಂತ. ಹಿಂದಿನವರು ಕಾಯುತ್ತಿದ್ದರು, ಯಾರೂ ಅವಸರ ಮಾಡಲಿಲ್ಲ.

ಕೊನೆಕೊನೆಗೆ ಹತ್ತು ವರ್ಷದ ಮೊಮ್ಮಗಳ ಕೈ ಹಿಡಿದು ಒಬ್ಬ ಗಾರೆ ಕೆಲಸದವನು ಬಂದ. ಅವನ ಮೈಮೇಲೆ ಸಿಮೆಂಟಿನ ಪುಡಿ ಇನ್ನೂ ಹಾಗೇ ಇತ್ತು. ಅವನು ಕೇಳಿದ್ದು ಒಂದೇ ಮಾತು.

"ಕೊನೀಗೆ ನೋವಾತೇನಣ್ಣಾ?"

ಕೊಟ್ರಮ್ಮ ಗಂಡನ ಮುಖ ನೋಡಿದರು. ಜೂನಿಯರ್ ಅವರ ದನಿ ಆ ಹೊತ್ತಿಗೆ ಒಡೆದುಹೋಗಿತ್ತು. ಅವರು ಬಗ್ಗಿ ಅವನ ಕಿವಿಯ ಹತ್ತಿರ ಹೇಳಿದರು.

"ಇಲ್ಲಪ್ಪ. ನೋವಾಗ್ಲಿಲ್ಲ. ನಿದ್ದಿ ಬಂದಂಗಾತು."

ಅವನು ತಲೆದೂಗಿದ. ಇಷ್ಟು ಸಾಕು ಎಂಬಂತೆ ಮೊಮ್ಮಗಳನ್ನು ಎತ್ತಿಕೊಂಡು ಹೋದ.

ಮುಕ್ತಾ ಬರೆಯುವುದನ್ನು ನಿಲ್ಲಿಸಿದ್ದಳು. ಅವಳ ಅಪ್ಪ ಗಂಗಾವತಿಯಲ್ಲಿ ಅಂಚೆ ಕಚೇರಿಯಲ್ಲಿದ್ದವರು. ಎರಡು ವರ್ಷದ ಹಿಂದೆ ಅವಳು ಆಸ್ಪತ್ರೆ ತಲುಪುವಷ್ಟರಲ್ಲಿ ತೀರಿಕೊಂಡಿದ್ದರು. ಅವಳಿಗೂ ಕೇಳಬೇಕೆನಿಸಿದ್ದು ಅದೊಂದೇ ಪ್ರಶ್ನೆ. ಯಾರನ್ನು ಕೇಳುವುದು ಎಂದು ತಿಳಿಯದೆ ಬಿಟ್ಟಿದ್ದಳು. ಆ ಗಾರೆಯವನು ಹೋದ ಕಡೆಯನ್ನೇ ನೋಡುತ್ತ ನಿಂತವಳಿಗೆ, ಬೆಳಗ್ಗೆ ಆರು ನಿಮಿಷ ಊರು ನಿಂತದ್ದು ಯಾಕೆ ಎಂಬುದರ ಒಂದು ಅಂಚು ಮೊದಲ ಬಾರಿಗೆ ಕೈಗೆ ಸಿಕ್ಕಂತಾಯಿತು.

*

ನಾಲ್ಕನೆಯ ದಿನ ಮಧ್ಯಾಹ್ನ ಮುಕ್ತಾ ಹತ್ತಿಗಿರಣಿ ಓಣಿಗೆ ಬಂದಳು. ಗಿರಣಿ ಗೇಟು ಇನ್ನೂ ತೆರೆದೇ ಇತ್ತು. ಓಣಿಯವರು ಅದರೊಳಗಿಂದ ಪೇಟೆಗೆ ಹೋಗಿ ಬರುವ ರೂಢಿ ಮಾಡಿಕೊಂಡುಬಿಟ್ಟಿದ್ದರು.

ಜೂನಿಯರ್ ಮಷೀನಿನ ಮುಂದೆ ಕೂತಿದ್ದರು. ಕುತ್ತಿಗೆಗೆ ಮಫ್ಲರ್ ಸುತ್ತಿತ್ತು. ಅವರು ಮಾತಾಡಲು ಹೋದಾಗ ಕೊಟ್ರಮ್ಮ ಕೈಯೆತ್ತಿ ತಡೆದರು.

"ದನಿ ಪೂರಾ ಹೋಗೈತ್ರಿ. ಡಾಕ್ಟ್ರು ಒಂದ್ ವಾರ ಪಿಟಕ್ ಅನ್ನಬಾರ್ದು ಅಂದಾರೆ. ಏನಿದ್ರೂ ನನ್ ಕೇಳ್ರಿ." ಚಹಾ ತಂದುಕೊಟ್ಟು ತಾವೂ ಕೂತರು. "ಮೀಸಿ ತೆಗೀತೀನಿ ಅಂತ ಕೈಸನ್ನಿ ಮಾಡಿ ತೋರ್ಸಿದ್ರು. ನಾನೇ ಬ್ಯಾಡ ಅಂದೆ. ಮೂವತ್ತು ವರ್ಷ ನನ್ ಎದುರಿಗಿದ್ದ ಮೀಸಿ. ಒಮ್ಮೆಗೇ ಇಬ್ರೂ ಹೋದ್ರೆ ಹೆಂಗೆ?"

ಜೂನಿಯರ್ ತಲೆ ತಗ್ಗಿಸಿ ನಕ್ಕರು. ದನಿಯಿಲ್ಲದ ಆ ನಗುವಿನಲ್ಲಿ ಹುಬ್ಬು ಏರಿರಲಿಲ್ಲ.

ಮುಕ್ತಾ ತಂದಿದ್ದ ಉದ್ದನೆಯ ಕಾಗದ ಬಿಚ್ಚಿ ಮಷೀನಿನ ಮೇಲೆ ಹರಡಿದಳು. ಆ ದಿನದ ಗೆರೆಗಳ ಅಚ್ಚು. ಬೆಳಗಿನ ನಿಶ್ಶಬ್ದ, ನಿಲ್ದಾಣದಿಂದ ಬಾಗಿ ಬಂದ ನೂಲುಗಳು, ಓಣಿಯ ಅಲೆ, ಆಮೇಲೆ ಗಿರಣಿಯಾಚೆಯ ರಸ್ತೆಗೆ ಬಿಚ್ಚಿಕೊಂಡ ಗುಂಪು. ಜೂನಿಯರ್ ಕಾಗದದ ಮೇಲೆ ಬೆರಳಾಡಿಸುತ್ತ, ಬಟ್ಟೆಯ ನೇಯ್ಗೆ ನೋಡುವಂತೆ ಬಗ್ಗಿ ಬಗ್ಗಿ ನೋಡಿದರು. ಮುಂದೆ ಎರಡು ಗೆರೆ ಜೋಡಿಯಾಗಿ, ಉಳಿದವುಗಳಿಗಿಂತ ತುಸು ದೂರದಲ್ಲಿ ಸಾಗಿದ್ದವು. ಅವರು ಅದನ್ನು ತೋರಿಸಿ ಹೆಂಡತಿಯನ್ನು ನೋಡಿದರು.

"ಹೌದು, ನೀವಿಬ್ಬರೇ," ಎಂದಳು ಮುಕ್ತಾ. "ಇದರ ವರದಿ ಸರ್ಕಾರಕ್ಕೆ ಹೋಗುತ್ತೆ. ಇನ್ನು ಮೇಲೆ ಇಂಥ ಸುದ್ದಿ ಬಂದಾಗ ಜನರಿಗೆ ಹೋಗೋಕೆ ಒಂದು ಜಾಗ ಮೊದಲೇ ಮಾಡಿಡಬೇಕು, ಅಲ್ಲಿ ಕೇಳೋಕೆ ಒಬ್ಬರು ಇರಬೇಕು ಅಂತ ಬರೆದಿದೀನಿ. ಎಲ್ಲ ಮುಗಿದಿದೆ. ಒಂದು ಜಾಗ ಖಾಲಿ ಬಿಟ್ಟಿದೀನಿ."

"ಏನು ಬೇಕಾಗಿತ್ರಿ?"

"ಗುಂಪನ್ನ ಮುನ್ನಡೆಸಿದವರ ಹೆಸರು. ಓಣೀಲಿ ನಾಲ್ಕು ಮನೆ ಕೇಳಿದೆ. ಎಲ್ಲರೂ ಜೂನಿಯರ್ ಅಂದ್ರು. ನಿಜವಾದ ಹೆಸರು ಯಾರಿಗೂ ನೆನಪಾಗ್ಲಿಲ್ಲ."

ಜೂನಿಯರ್ ಬಾಯಿ ತೆರೆದರು. ಗಾಳಿ ಮಾತ್ರ ಬಂತು. ಮಷೀನಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು ಬರೆಯಲು ಹೋದರು.

ಕೊಟ್ರಮ್ಮ ಅವರ ಕೈ ಮೇಲೆ ಕೈಯಿಟ್ಟು ತಡೆದರು. ಆ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಗೆಳತಿಯರು ಬಾಗಿಲು ಅಡ್ಡಗಟ್ಟಿ ನಿಂತಾಗ ಒಡಪು ಕಟ್ಟಿ, ಪ್ರಾಸದ ಸಾಲಿನೊಳಗೆ ಒಂದು ಸಲ ಹೇಳಿದರೆ ಮುಗಿಯಿತು. ಆಮೇಲೆ 'ನಮ್ಮನಿಯವರು', 'ಇವರು', 'ರೀ'. ಅವರು ಸೆರಗು ಸರಿಮಾಡಿಕೊಂಡರು. ಮದುವಣಗಿತ್ತಿಯ ಹಾಗೆ ಅವರ ಕಿವಿ ಕೆಂಪಾಗಿತ್ತು. ಮುಕ್ತಾಳನ್ನು ನೋಡದೆ, ಗಂಡನನ್ನೇ ನೋಡುತ್ತ ಹೇಳಿದರು.

"ಮರುಳಸಿದ್ದಪ್ಪ."

ಮಷೀನಿನ ಮುಂದಿದ್ದ ಗಂಡಸು ಯಾರೋ ದೂರದಿಂದ ಕರೆದಂತೆ ತಲೆಯೆತ್ತಿದರು.

"ಬರಕಂಡ್ರಾ?" ಎಂದರು ಕೊಟ್ರಮ್ಮ. "ಇನ್ನೊಂದ್ಸಾರಿ ಬೇಕಾದ್ರೂ ಹೇಳ್ತೀನಿ."